ಬರಿತಲೆಯ ಆಟಗಾರ

ಒಂದು ಹಳೆಯ ಛಾಯಾಚಿತ್ರ. 1921ನೆಯ ಇಸವಿ ಅಕ್ಟೋಬರ್ 8ರಂದು, ಅಮೆರಿಕ ಸಂಯುಕ್ತ ಸಂಸ್ಥಾನದ ನಡುನಾಡಾದ ಅಯೋವಾದಲ್ಲಿ, ಅಲ್ಲಿನ ವಿಶ್ವವಿದ್ಯಾನಿಲಯದ ಮೈದಾನದಲ್ಲಿ ತೆಗೆದದ್ದು. ಚರ್ಮದ ಟೊಪ್ಪಿಗೆಗಳನ್ನು ಬಿಗಿದುಕೊಂಡ ಆಟಗಾರರು ಒಬ್ಬರ ಮೇಲೊಬ್ಬರು ಎರಗುತ್ತಿದ್ದಾರೆ. ಚೆಂಡನ್ನು ಎದೆಗವಚಿಕೊಂಡು ಓಡುತ್ತಿರುವ ಬಿಳಿಯ ತರುಣ ಗಾರ್ಡನ್ ಲಾಕ್. ಅವನಿಗೂ ಎದುರಾಳಿಗಳಿಗೂ ನಡುವೆ ಗೋಡೆಯಂತೆ ಬಾಗಿ ನಿಂತಿರುವವನು ಮತ್ತೊಬ್ಬ. ಎತ್ತರದ ಆಳು, ಕಪ್ಪು ಮೈಬಣ್ಣ. ತಲೆಯ ಮೇಲೆ ಟೊಪ್ಪಿಗೆಯಿಲ್ಲ.

ಈ ಚಿತ್ರವನ್ನು ಮೊದಲು ನೋಡಿದಾಗ ನನ್ನ ಕಣ್ಣು ಹೋದದ್ದು ಚೆಂಡು ಹಿಡಿದವನ ಕಡೆಗೇ. ಆಟದ ಚಿತ್ರವನ್ನು ನೋಡುವ ಯಾರಿಗೂ ಹೀಗೆಯೇ ಆಗುತ್ತದೆ. ಬಹಳ ದಿನಗಳಾದ ಮೇಲೆ ಅದೇ ಚಿತ್ರ ಇನ್ನೊಂದು ಪುಸ್ತಕದಲ್ಲಿ ಸಿಕ್ಕಾಗ, ಅದನ್ನು ಅಚ್ಚುಮಾಡಿರುವುದು ಲಾಕ್‌ನಿಗಾಗಿ ಅಲ್ಲ, ಆ ಬರಿತಲೆಯವನಿಗಾಗಿ ಎಂದು ತಿಳಿಯಿತು. ಅವನ ಹೆಸರು ಫ್ರೆಡರಿಕ್ ವೇಮನ್ ಸ್ಲೇಟರ್. ಲೋಕ ಅವನನ್ನು ಬಲ್ಲದ್ದು ಡ್ಯೂಕ್ ಸ್ಲೇಟರ್ ಎಂದು. ಮನೆಯಲ್ಲಿದ್ದ ನಾಯಿಯ ಹೆಸರು ಡ್ಯೂಕ್. ಹುಡುಗನಿಗೂ ಅದೇ ಅಂಟಿಕೊಂಡಿತು. ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ ಮುಂಸಾಲಿನ ಆಟಗಾರನಾಗಿ, ಅಂದರೆ ಲೈನ್‌ಮನ್ ಆಗಿ, ಕಾಲಿಟ್ಟ ಮೊದಲನೆಯ ಕಪ್ಪು ಜನಾಂಗದವನು ಅವನು. ಮುಂದೆ ಷಿಕಾಗೊ ನಗರದಲ್ಲಿ ನ್ಯಾಯಾಧೀಶನಾದ. ತೀರಿಕೊಂಡದ್ದು 1966ರಲ್ಲಿ.

ಫುಟ್‌ಬಾಲ್ ಎಂದೊಡನೆ ನಮಗೆ ತೋರುವುದು ಕಾಲಿನಿಂದ ಒದೆಯುವ ಚೆಂಡು. ಅಮೆರಿಕದವರ ಆಟ ಬೇರೆ. ಅಲ್ಲಿ ಚೆಂಡು ಬಹುಪಾಲು ಕೈಯಲ್ಲಿರುತ್ತದೆ. ಅದನ್ನು ಹೊತ್ತು ಓಡಿ, ಇಲ್ಲವೆ ಎಸೆದು ಹಿಡಿದು, ಎದುರಾಳಿಯ ನೆಲವನ್ನು ಗಜಗಜವಾಗಿ ಗೆಲ್ಲಬೇಕು. ಪಕ್ಷಕ್ಕೆ ಹನ್ನೊಂದು ಜನ. ಅವರಲ್ಲಿ ಏಳು ಮಂದಿ ಮುಂದೆ ಸಾಲುಗಟ್ಟಿ ನಿಲ್ಲುವರು. ನಡುವೆ ಒಬ್ಬ ಸೆಂಟರ್, ಅವನ ಎಡಬಲಕ್ಕೆ ಇಬ್ಬರು ಗಾರ್ಡುಗಳು, ಅವರ ಆಚೆ ಇಬ್ಬರು ಟ್ಯಾಕಲ್‌ಗಳು, ತುದಿಗಳಲ್ಲಿ ಇಬ್ಬರು ಎಂಡ್‌ಗಳು. ತುದಿಯವರಿಗಾದರೂ ಆಗಾಗ ಚೆಂಡು ದೊರೆತೀತು. ನಡುವಿನ ಐವರಿಗೆ ಆ ಭಾಗ್ಯವಿಲ್ಲ. ಎದುರಿಗೆ ನಿಂತವನನ್ನು ಮೈಯಿಂದ ನೂಕಿ, ತನ್ನವನೊಬ್ಬನು ನುಸುಳುವಷ್ಟು ಸಂದು ಮಾಡಿಕೊಡುವುದು ಅವರ ಕೆಲಸ. ಸಂದು ತೆರೆದರೆ ನುಸುಳಿದವನಿಗೆ ಜಯಕಾರ. ತೆರೆಯದಿದ್ದರೆ ಸಾಲಿನವನಿಗೆ ಬೈಗುಳ. ಸ್ಲೇಟರನ ಕಾಲದಲ್ಲಿ ಈಗಿನಂತೆ ಮುನ್ನುಗ್ಗಲು ಒಂದು ತಂಡ, ತಡೆಯಲು ಮತ್ತೊಂದು ತಂಡ ಇರಲಿಲ್ಲ. ಅದೇ ಹನ್ನೊಂದು ಜನ ಎರಡನ್ನೂ ಮಾಡಬೇಕು. ಅವನು ಟ್ಯಾಕಲ್. ಆರಡಿ ಒಂದಂಗುಲ ಎತ್ತರ, ಸುಮಾರು 215 ಪೌಂಡು ತೂಕ. ಇಂದಿನ ಲೈನ್‌ಮನ್‌ಗಳ ಪಕ್ಕದಲ್ಲಿ ನಿಲ್ಲಿಸಿದರೆ ಬಾಲಕನಂತೆ ಕಂಡಾನು. ಅಂದಿನವರಿಗೆ ಅವನು ಭೀಮಕಾಯನಾಗಿದ್ದ.

ಅವನು ಹುಟ್ಟಿದ್ದು 1898ರ ಡಿಸೆಂಬರ್ 9ರಂದು, ಇಲಿನಾಯ್ ಸಂಸ್ಥಾನದ ನಾರ್ಮಲ್ ಎಂಬ ಊರಿನಲ್ಲಿ. ತಂದೆ ಜಾರ್ಜ್ ಸ್ಲೇಟರ್ ಕಪ್ಪು ಜನಾಂಗದವರ ಮೆಥಡಿಸ್ಟ್ ಚರ್ಚಿನ ಪಾದ್ರಿ. ದೇವರ ಮಾತನ್ನು ಹೇಳಿ ಸುಮ್ಮನಿರುವ ಪಾದ್ರಿಯಲ್ಲ. ದುಡಿಯುವ ಕಪ್ಪು ಜನರ ಹಿತ ಯಾವುದರಲ್ಲಿದೆ ಎಂದು ಷಿಕಾಗೊ ನಗರದ ಸಮಾಜವಾದಿ ಪತ್ರಿಕೆಯಲ್ಲಿ 1908ರ ಸುಮಾರಿಗೆ ಲೇಖನಗಳನ್ನು ಬರೆದವನು. ಹುಡುಗ ಬೆಳೆದದ್ದು ಆ ನಗರದ ದಕ್ಷಿಣ ಭಾಗದಲ್ಲಿ. ಅವನಿಗೆ ಹನ್ನೆರಡು ಹದಿಮೂರು ವರ್ಷವಾದಾಗ ತಂದೆಗೆ ಮಿಸಿಸಿಪಿ ನದಿಯ ದಡದಲ್ಲಿರುವ ಅಯೋವಾದ ಕ್ಲಿಂಟನ್ ಎಂಬ ಊರಿಗೆ ವರ್ಗವಾಯಿತು. ಅಲ್ಲಿ ಹುಡುಗನಿಗೆ ಶಾಲೆ ಬೇಸರವಾಯಿತಂತೆ, ಬಿಟ್ಟುಬಿಡುವೆನೆಂದ. ತಂದೆ ಗದರಲಿಲ್ಲ. ಒಪ್ಪಿ, ಒಂದು ಕೆಲಸವನ್ನೂ ಕೊಡಿಸಿದ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಮಿಸಿಸಿಪಿಯ ಮೇಲೆ ನಿಂತು ಮಂಜುಗಡ್ಡೆ ಕೊಯ್ಯುವ ಕೆಲಸ ಅದು. ಆ ಚಳಿಯನ್ನು ಉಂಡ ಮೇಲೆ ಹುಡುಗ ತಾನಾಗಿಯೇ ಶಾಲೆಗೆ ಮರಳಿದ. ಉಪಾಧ್ಯಾಯರಾದವರಿಗೆ ಈ ಉಪಾಯ ಹಿಡಿಸೀತು. ನಮ್ಮಲ್ಲಿ ಮಂಜುಗಡ್ಡೆಯ ನದಿಯೊಂದೇ ಕೊರತೆ.

ಆದರೆ ಅದೇ ತಂದೆ ಫುಟ್‌ಬಾಲಿಗೆ ಒಪ್ಪಲಿಲ್ಲ. ಆ ದಿನಗಳಲ್ಲಿ ಅದು ಮೈಕೈ ಮುರಿಯುವ ಆಟವೆಂದು ಹೆಸರು ಪಡೆದಿತ್ತು. ಮೈದಾನದಲ್ಲೇ ಪ್ರಾಣಬಿಟ್ಟ ಹುಡುಗರೂ ಇದ್ದರು. ಮಗ ಮನೆಗೆ ತಿಳಿಸದೆ ಆಡತೊಡಗಿದ್ದ. ಹರಿದ ಉಡುಪಿನಿಂದ ಗುಟ್ಟು ಬಯಲಾಯಿತು. ತಂದೆ ಇನ್ನು ಆಡಕೂಡದೆಂದ. ಆಗ ಹುಡುಗ ಹೂಡಿದ ಹಟ ನಮಗೆ ಪರಿಚಯವಾದದ್ದೇ: ಊಟ ಬಿಟ್ಟ. ಕೆಲವು ದಿನ ಹೀಗೆ ಕಳೆಯಿತು. ಕೊನೆಗೆ ಸೋತವನು ತಂದೆ. ಮೈಗೆ ಪೆಟ್ಟು ಮಾಡಿಕೊಳ್ಳಕೂಡದೆಂಬ ಷರತ್ತಿನ ಮೇಲೆ ಅನುಮತಿ ಕೊಟ್ಟ. ಪೆಟ್ಟು ಬೀಳದೆ ಆಡುವುದು ಆ ಆಟದಲ್ಲಿ ಆಗದ ಮಾತು. ಆದ್ದರಿಂದ ಮಗ ಪೆಟ್ಟನ್ನು ಮರೆಮಾಚುವುದನ್ನು ಕಲಿತ. ನೋವನ್ನು ಮುಖದ ಮೇಲೆ ತೋರಗೊಡದ ಈ ಅಭ್ಯಾಸ ಮುಂದಿನ ಬಾಳಿನಲ್ಲಿ ಅವನಿಗೆ ಆಟಕ್ಕಿಂತ ಹೆಚ್ಚಾಗಿ ಬೇರೆಡೆಗಳಲ್ಲಿ ಬೇಕಾಯಿತೆಂದು ನನ್ನ ಊಹೆ.

ಅನುಮತಿ ದೊರೆತ ಮೇಲೆ ಇನ್ನೊಂದು ತೊಡಕು ಬಂತು. ಶಾಲೆಯವರು ಉಡುಪನ್ನು ಕೊಡುವರು. ಪಾದರಕ್ಷೆಯನ್ನೂ ತಲೆಯ ಟೊಪ್ಪಿಗೆಯನ್ನೂ ಮನೆಯವರೇ ಕೊಳ್ಳಬೇಕು. ಬಡ ಪಾದ್ರಿಯ ಕೈಯಲ್ಲಿ ಎರಡಕ್ಕೂ ಹಣವಿರಲಿಲ್ಲ. ಒಂದನ್ನು ಆರಿಸಿಕೋ ಎಂದ. ಹುಡುಗನ ಪಾದಗಳು ಎಷ್ಟು ದೊಡ್ಡವೆಂದರೆ, ಅವಕ್ಕೆ ಹೊಂದುವ ಷೂ ಊರಿನ ಅಂಗಡಿಗಳಲ್ಲಿ ಇಲ್ಲದೆ ಷಿಕಾಗೊದಿಂದ ತರಿಸಬೇಕಾಯಿತು. ಅವನು ಷೂಗಳನ್ನೇ ಆರಿಸಿದ. ತಲೆ ಬರಿದಾಗಿಯೇ ಉಳಿಯಿತು. ಆ ಕಾಲದ ಟೊಪ್ಪಿಗೆ ಚರ್ಮದ್ದು, ಈಗಿನಂತೆ ಗಟ್ಟಿಯಾದ ಕವಚವಲ್ಲ. ಅದನ್ನು ಧರಿಸಲೇಬೇಕೆಂಬ ನಿಯಮವೂ ಇರಲಿಲ್ಲ. ಕಾಲೇಜುಗಳಲ್ಲಿ ಅಂಥ ನಿಯಮ ಬಂದದ್ದು 1939ರಲ್ಲಿ, ವೃತ್ತಿಪರ ಲೀಗಿನಲ್ಲಿ 1943ರಲ್ಲಿ. ಬಡತನದಿಂದ ಹುಟ್ಟಿದ ಈ ರೂಢಿಯನ್ನು ಅವನು ಕಾಲೇಜಿಗೂ ಕೊಂಡೊಯ್ದ. ನೋಡಿದವರು ಅದನ್ನು ಧೈರ್ಯವೆಂದರು. ಧೈರ್ಯವೂ ಹೌದು. ಆದರೆ ಮೊದಲಿಗೆ ಅದು ತಂದೆಯ ಜೇಬಿನ ಅಳತೆ.

1918ರಲ್ಲಿ ಅಯೋವಾ ವಿಶ್ವವಿದ್ಯಾನಿಲಯವನ್ನು ಸೇರಿದ. ಅಮೆರಿಕದ ದಕ್ಷಿಣ ಸಂಸ್ಥಾನಗಳ ವಿಶ್ವವಿದ್ಯಾನಿಲಯಗಳಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲೇ ಮುಚ್ಚಿದ್ದ ಕಾಲ ಅದು. ಅಯೋವಾದಲ್ಲಿ ತರಗತಿಯ ಬಾಗಿಲು ತೆರೆದಿತ್ತು. ವಿದ್ಯಾರ್ಥಿನಿಲಯದ ಬಾಗಿಲು ತೆರೆದಿರಲಿಲ್ಲ. ಕಪ್ಪು ವಿದ್ಯಾರ್ಥಿಗಳನ್ನು ಅಲ್ಲಿನ ವಸತಿಗೃಹಗಳಿಗೆ ಸೇರಿಸಿಕೊಂಡದ್ದು 1946ರಲ್ಲಿ. ಸ್ಲೇಟರ್ ತನ್ನ ಜನಾಂಗದ ವಿದ್ಯಾರ್ಥಿಗಳ ಸಂಘವೊಂದರ ಮನೆಯಲ್ಲಿದ್ದುಕೊಂಡು ಓದಿದ, ಆಡಿದ.

ಆಗ ಅಯೋವಾ ತಂಡಕ್ಕೆ ಶಿಕ್ಷಕನಾಗಿದ್ದವನು ಹೋವರ್ಡ್ ಜೋನ್ಸ್. 1921ರಲ್ಲಿ ತಂಡ ಆಡಿದ ಏಳು ಪಂದ್ಯಗಳಲ್ಲಿ ಏಳನ್ನೂ ಗೆದ್ದಿತು. ಅವುಗಳಲ್ಲಿ ಇಂದಿಗೂ ಜನ ನೆನೆಯುವುದು ನಾನು ಮೊದಲು ಹೇಳಿದ ಅಕ್ಟೋಬರ್ 8ರ ಪಂದ್ಯ. ಎದುರಿಗೆ ನೂಟ್ ರಾಕ್ನಿಯ ಶಿಷ್ಯರಾದ ನಾಟರ್ ಡೇಮ್ ತಂಡದವರು. ಒಂದರ ಮೇಲೊಂದರಂತೆ ಇಪ್ಪತ್ತು ಪಂದ್ಯಗಳನ್ನು ಗೆದ್ದು ಬಂದವರು. ಅಯೋವಾ ಹತ್ತು ಅಂಕ, ನಾಟರ್ ಡೇಮ್ ಏಳು. ಅಂಕ ಗಳಿಸಿದವರ ಪಟ್ಟಿಯಲ್ಲಿ ಸ್ಲೇಟರನ ಹೆಸರಿಲ್ಲ. ಇರಲು ಸಾಧ್ಯವೂ ಇಲ್ಲ. ಲಾಕ್ ಓಡಿದ ಹಾದಿ ಸ್ಲೇಟರ್ ತೆರೆದದ್ದೆಂಬುದಕ್ಕೆ ಉಳಿದ ಸಾಕ್ಷ್ಯ ಆ ಛಾಯಾಚಿತ್ರ. ಛಾಯಾಗ್ರಾಹಕ ಒಂದು ನಿಮಿಷ ತಡಮಾಡಿದ್ದರೆ ಅದೂ ಉಳಿಯುತ್ತಿರಲಿಲ್ಲವಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅಮೆರಿಕದ ವೃತ್ತಿಪರ ಲೀಗು ಆಗ ಎಳೆಯ ಕೂಸು. 1920ರಲ್ಲಿ ಒಹಾಯೊ ಸಂಸ್ಥಾನದ ಕ್ಯಾಂಟನ್ ಎಂಬ ಊರಿನಲ್ಲಿ ಸ್ಥಾಪನೆಯಾಗಿತ್ತು. ಸಣ್ಣಪುಟ್ಟ ಕೈಗಾರಿಕಾ ಪಟ್ಟಣಗಳ ತಂಡಗಳು, ಹಣ ಅಷ್ಟಕ್ಕಷ್ಟೆ, ಇಂದು ಹುಟ್ಟಿದ ತಂಡ ನಾಳೆ ಇರುವುದೆಂಬ ಭರವಸೆಯಿಲ್ಲ. ಇಂಥ ಲೀಗಿನಲ್ಲಿ ಮೊದಮೊದಲು ಕೆಲವರು ಕಪ್ಪು ಆಟಗಾರರಿಗೂ ಎಡೆ ದೊರೆಯಿತು. ಮುಂದೆ ಗಾಯಕನಾಗಿ ಜಗತ್ತಿಗೆ ಪರಿಚಿತನಾದ ಪಾಲ್ ರೋಬ್ಸನ್ ಕೂಡ 1921 ಮತ್ತು 1922ರಲ್ಲಿ ಅಲ್ಲಿ ಆಡಿದ. ಅವನೂ ಆಟದ ಸಂಪಾದನೆಯ ಜೊತೆಗೆ ಕಾನೂನು ಓದುತ್ತಿದ್ದವನೇ. ಸ್ಲೇಟರ್ 1922ರಲ್ಲಿ ಇಲಿನಾಯ್‌ನ ರಾಕ್ ಐಲೆಂಡ್ ಪಟ್ಟಣದ ಇಂಡಿಪೆಂಡೆಂಟ್ಸ್ ತಂಡವನ್ನು ಸೇರಿದ. ತಾನು ಬೆಳೆದ ಕ್ಲಿಂಟನ್ ಅದೇ ನದಿಯ ಗುಂಟ ಬಹು ದೂರವೇನೂ ಇರಲಿಲ್ಲ.

1924ರಲ್ಲಿ ಆ ತಂಡದಲ್ಲಿ ಜಿಮ್ ಥಾರ್ಪ್ ಇದ್ದ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನದ ಪದಕ ಗೆದ್ದಿದ್ದ ಅಮೆರಿಕದ ಮೂಲನಿವಾಸಿ ವೀರ. ಆ ವರ್ಷ ತಂಡ ಮಿಸೌರಿ ಸಂಸ್ಥಾನದ ಕ್ಯಾನ್ಸಸ್ ಸಿಟಿಗೆ ಆಡಲು ಹೋಯಿತು. ಅಲ್ಲಿ ಕಪ್ಪು ಜನಾಂಗದವನು ಬಿಳಿಯರ ಎದುರು ಆಡಕೂಡದೆಂಬ ಕಟ್ಟು. ಯಾವ ಪುಸ್ತಕದಲ್ಲಿಯೂ ಬರೆಯದ, ಎಲ್ಲರೂ ಬಲ್ಲ ಕಟ್ಟು. ಸ್ಲೇಟರನನ್ನು ಹೊರಗಿಟ್ಟು ತಂಡ ಆಡಿತು. ಆಡಿ 23ಕ್ಕೆ 7 ಅಂಕಗಳಿಂದ ಸೋತಿತು. ಕೆಲವು ವಾರಗಳ ಮೇಲೆ ಅದೇ ತಂಡ ರಾಕ್ ಐಲೆಂಡಿಗೆ ಬಂದಾಗ ಸ್ಲೇಟರ್ ಸಾಲಿನಲ್ಲಿದ್ದ. ಈ ಸಲ 17 ಅಂಕ ಇವರಿಗೆ, ಅವರಿಗೆ ಸೊನ್ನೆ.

ಈ ಎರಡು ಪಂದ್ಯಗಳ ವಿಚಾರವನ್ನು ಓದಿದವನಿಗೆ ಎರಡನೆಯದರಿಂದ ಮೊದಲನೆಯದರ ಲೆಕ್ಕ ತೀರಿತೆಂದು ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಹತ್ತು ವರ್ಷ ಮೈಯೊಡ್ಡಿ ಆಡಿದರೂ ಗಾಯದ ನೆವದಿಂದ ಒಂದು ಪಂದ್ಯವನ್ನೂ ತಪ್ಪಿಸದವನೆಂದು ಅವನಿಗೆ ಹೆಸರು. ಅಂಥವನು ಮೈ ಗಟ್ಟಿಯಾಗಿರುವಾಗಲೇ ಬದಿಯಲ್ಲಿ ಕುಳಿತು, ತನ್ನ ಜಾಗದಲ್ಲಿ ಬೇರೊಬ್ಬ ನಿಂತದ್ದನ್ನೂ ತನ್ನವರು ಸೋತದ್ದನ್ನೂ ನೋಡಬೇಕಾಯಿತು. ಜೊತೆಯವರು, ನಾವೂ ಆಡುವುದಿಲ್ಲ ಎಂದು ಊರಿಗೆ ಮರಳಲಿಲ್ಲ. ಆ ಕಾಲಕ್ಕೆ ಯಾರಿಗೂ ಅಂಥ ಯೋಚನೆ ಬರುತ್ತಿರಲಿಲ್ಲವೆನ್ನಿ.

1926ರಲ್ಲಿ ಅವನ ತಂಡ ಹೊಸದಾಗಿ ಹುಟ್ಟಿದ ಪ್ರತಿಸ್ಪರ್ಧಿ ಲೀಗನ್ನು ನಂಬಿ ಅಲ್ಲಿಗೆ ಜಿಗಿದು ಮುಳುಗಿತು. ಅದೇ ವರ್ಷ ಸ್ಲೇಟರ್ ಷಿಕಾಗೊದ ಕಾರ್ಡಿನಲ್ಸ್ ತಂಡವನ್ನು ಸೇರಿ 1931ರವರೆಗೂ ಅಲ್ಲಿಯೇ ಆಡಿದ. ಮದುವೆಯಾದದ್ದೂ 1926ರಲ್ಲಿಯೇ. ಮರುವರ್ಷ ಲೀಗಿನ ಇಪ್ಪತ್ತೆರಡು ತಂಡಗಳು ಹನ್ನೆರಡಕ್ಕೆ ಇಳಿದುವು. ಕೆಲಸ ಕಡಮೆಯಾದಾಗ ಮೊದಲು ಹೊರಬೀಳುವವರು ಯಾರೆಂಬುದನ್ನು ಹೇಳಬೇಕಾಗಿಲ್ಲ. 1927ರ ಋತುವಿನಲ್ಲಿ ಇಡೀ ಲೀಗಿನಲ್ಲಿ ಉಳಿದ ಕಪ್ಪು ಆಟಗಾರ ಸ್ಲೇಟರ್ ಒಬ್ಬನೇ. ಆಮೇಲಿನ ವರ್ಷಗಳಲ್ಲಿಯೂ ಒಬ್ಬಿಬ್ಬರು ಬಂದು ಹೋದದ್ದುಂಟು, ಉಳಿದವನು ಅವನು.

ಅವನು ಹೇಗೆ ಉಳಿದ? ಬಲದಿಂದ ಎಂಬುದು ಒಂದು ಉತ್ತರ. ಅವನಂಥ ಟ್ಯಾಕಲ್ ಮತ್ತೊಬ್ಬನಿರಲಿಲ್ಲ, ಬಿಟ್ಟುಕೊಟ್ಟರೆ ತಂಡಕ್ಕೇ ನಷ್ಟ. ಇನ್ನೊಂದು ಉತ್ತರವನ್ನು ಅವನ ಸಮಕಾಲೀನರು ಹೆಮ್ಮೆಯಿಂದ ಕೊಡುತ್ತಾರೆ: ಅವನು ಶಾಂತ, ಮೃದುಭಾಷಿ, ಯಾರ ಮೇಲೂ ಸಿಟ್ಟಾಗದವನು. ಈ ಹೊಗಳಿಕೆಯನ್ನು ಓದುವಾಗಲೆಲ್ಲ ನನಗೆ ಸ್ವಲ್ಪ ಇರಿಸುಮುರಿಸಾಗುತ್ತದೆ. ಒಬ್ಬ ಬಿಳಿಯ ಲೈನ್‌ಮನ್ ಕೆರಳಿ ಕೈಮಾಡಿದರೆ ಅದು ಆಟದ ಕಾವು. ಸ್ಲೇಟರ್ ಒಮ್ಮೆ ಕೆರಳಿದ್ದರೆ ಅವನ ಜನಾಂಗಕ್ಕೇ ಲೀಗಿನ ಬಾಗಿಲು ಮುಚ್ಚಲು ಅದೊಂದು ನೆಪವಾಗುತ್ತಿತ್ತು. ಅವನ ಶಾಂತಿಯಲ್ಲಿ ಸ್ವಭಾವವೆಷ್ಟು, ಕಾವಲೆಷ್ಟು ಎಂದು ಬಿಡಿಸಿ ನೋಡದೆ ಬರಿಯ ಸದ್ಗುಣವೆಂದು ಹೊಗಳಿ ಮುಗಿಸುವುದು ಅವನಿಗೆ ನ್ಯಾಯ ಮಾಡಿದಂತಲ್ಲ.

ಕಾರ್ಡಿನಲ್ಸ್ ಕಾಲದ ಒಂದು ಪಂದ್ಯವನ್ನು ಹೇಳಲೇಬೇಕು. 1929ರ ನವೆಂಬರ್ 28, ಅಮೆರಿಕದವರ ಕೃತಜ್ಞತಾ ದಿನದ ಹಬ್ಬ. ಅದೇ ಊರಿನ ಬೇರ್ಸ್ ತಂಡದ ಎದುರು ಕಾರ್ಡಿನಲ್ಸ್ 40 ಅಂಕ ಗಳಿಸಿತು, ಬೇರ್ಸ್ ಆರು. ಆ ನಲವತ್ತನ್ನೂ ಗಳಿಸಿದವನು ಎರ್ನಿ ನೆವರ್ಸ್ ಒಬ್ಬನೇ. ಆರು ಸಲ ಗೆರೆ ದಾಟಿದ, ನಾಲ್ಕು ಸಲ ಒದ್ದು ಹೆಚ್ಚಿನ ಅಂಕ ಪಡೆದ. ಒಂದು ಪಂದ್ಯದಲ್ಲಿ ಒಬ್ಬನೇ ಇಷ್ಟು ಅಂಕ ಗಳಿಸಿದ ಆ ದಾಖಲೆಯನ್ನು ತೊಂಬತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಯಾರೂ ಮೀರಿಲ್ಲ. ದಾಖಲೆಯ ಪುಸ್ತಕದಲ್ಲಿ ನೆವರ್ಸನ ಹೆಸರಿದೆ, ಸಂಖ್ಯೆಯಿದೆ, ದಿನಾಂಕವಿದೆ. ಆ ದಿನ ಮುಂಸಾಲಿನಲ್ಲಿ ಸ್ಲೇಟರ್ ಇದ್ದ. ಎಷ್ಟು ಜನರನ್ನು ನೂಕಿದ, ಎಷ್ಟು ಸಂದು ತೆರೆದ ಎಂಬುದಕ್ಕೆ ಲೆಕ್ಕವಿಟ್ಟವರಿಲ್ಲ. ಅಂಕಿಗಳಿಲ್ಲದವನನ್ನು ಇತಿಹಾಸಕ್ಕೆ ಸೇರಿಸುವುದು ಕಷ್ಟ. ಅವನ ವಿಷಯದಲ್ಲಿ ಮುಂದೆ ನಡೆದುದಕ್ಕೆಲ್ಲ ಜನಾಂಗ ಒಂದು ಕಾರಣವಾದರೆ ಇದು ಇನ್ನೊಂದು.

ಆಟದ ಋತು ಮುಗಿದಾಗ ಅವನು ಅಯೋವಾಕ್ಕೆ ಹೋಗಿ ಕಾನೂನು ಓದುತ್ತಿದ್ದ. ಹೀಗೆ ಬಿಡಿಬಿಡಿಯಾಗಿ ಓದಿ 1928ರಲ್ಲಿ ಪದವಿ ಪಡೆದು ವಕೀಲನಾದ, ಆಟವನ್ನೂ ನಡೆಸಿದ. 1931ರ ಋತು ಮುಗಿದ ಮೇಲೆ ಆಟಕ್ಕೆ ವಿದಾಯ ಹೇಳಿದಾಗ ಅವನಿಗೆ ಮೂವತ್ತಮೂರು ವರ್ಷ.

ಅವನು ಹೊರಬಿದ್ದ ಎರಡು ವರ್ಷಗಳಲ್ಲೇ ಹಿಂದಿನ ಬಾಗಿಲು ಮುಚ್ಚಿತು. 1933ರಲ್ಲಿ ಲೀಗಿನಲ್ಲಿ ಇಬ್ಬರು ಕಪ್ಪು ಆಟಗಾರರಿದ್ದರು, ಜೋ ಲಿಲ್ಲಾರ್ಡ್ ಮತ್ತು ರೇ ಕೆಂಪ್. 1934ರಲ್ಲಿ ಒಬ್ಬರೂ ಇಲ್ಲ. ಹನ್ನೆರಡು ಋತುಗಳ ಕಾಲ, 1946ರಲ್ಲಿ ಲಾಸ್ ಏಂಜಲೀಸ್ ತಂಡದವರು ಕೆನ್ನಿ ವಾಷಿಂಗ್ಟನ್ ಮತ್ತು ವುಡಿ ಸ್ಟ್ರೋಡ್ ಎಂಬಿಬ್ಬರನ್ನು ಕರೆದುಕೊಳ್ಳುವವರೆಗೆ, ಒಬ್ಬರೂ ಇಲ್ಲ. ಇದಕ್ಕೂ ಬರೆದಿಟ್ಟ ನಿಯಮವಿರಲಿಲ್ಲ. ತಂಡಗಳ ಒಡೆಯರು ಅಂಥ ಒಪ್ಪಂದವೇ ಇಲ್ಲವೆಂದು ಸಾಧಿಸಿದರು. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಬಿಳಿಯರೇ ಕೆಲಸವಿಲ್ಲದಿರುವಾಗ ಕಪ್ಪು ಜನರಿಗೆ ಸಂಬಳವೇ ಎಂಬ ಮಾತು ಒಂದು ಕಡೆ. ಬಾಸ್ಟನ್ನಿನಿಂದ ವಾಷಿಂಗ್ಟನ್‌ಗೆ ತಂಡವನ್ನು ಒಯ್ದ ಜಾರ್ಜ್ ಪ್ರೆಸ್ಟನ್ ಮಾರ್ಷಲ್‌ನಂಥ ಒಡೆಯರ ಹಟ ಇನ್ನೊಂದು ಕಡೆ. ಮಾರ್ಷಲ್‌ನ ತಂಡ ಕಪ್ಪು ಆಟಗಾರರನ್ನು ಸೇರಿಸಿಕೊಂಡದ್ದು ಎಲ್ಲರಿಗಿಂತ ಕೊನೆಗೆ, 1962ರಲ್ಲಿ.

ಹತ್ತು ವರ್ಷ ಹಾದಿ ತೆರೆಯುವುದನ್ನೇ ಕಸುಬಾಗಿ ಮಾಡಿದವನಿಗೆ ಇದನ್ನು ನೋಡುವುದು ಎಷ್ಟು ಕಠಿಣವಾಗಿದ್ದಿರಬೇಕು! ಅವನು ಭಾಷಣ ಮಾಡಲಿಲ್ಲ. ವಕೀಲಿ ಮಾಡುತ್ತಲೇ ಷಿಕಾಗೊದಲ್ಲಿ ಕಪ್ಪು ಆಟಗಾರರದೇ ತಂಡಗಳಿಗೆ ಶಿಕ್ಷಕನಾದ; ಅವುಗಳಲ್ಲೊಂದು ಬ್ರೌನ್ ಬಾಂಬರ್ಸ್ ಎಂಬ ತಂಡ. ಲೀಗಿಗೆ ಬೇಡವಾದ ತರುಣರು ಅಲ್ಲಿ ಆಡಿದರು. ಆ ತಂಡಗಳು ಬಹುಕಾಲ ಬಾಳಲಿಲ್ಲ.

ನ್ಯಾಯಾಲಯದ ಬಾಳನ್ನು ನಾನು ಚಿಕ್ಕದಾಗಿ ಹೇಳುತ್ತೇನೆ, ಅದು ಚಿಕ್ಕದೆಂದು ಅಲ್ಲ. ಷಿಕಾಗೊದಲ್ಲಿ ನ್ಯಾಯಾಧೀಶರನ್ನು ಜನ ಓಟು ಕೊಟ್ಟು ಆರಿಸುತ್ತಾರೆ. 1948ರಲ್ಲಿ ಸ್ಲೇಟರ್ ಮುನಿಸಿಪಲ್ ನ್ಯಾಯಾಲಯಕ್ಕೆ ಚುನಾಯಿತನಾದ. ಆ ನಗರದಲ್ಲಿ ಹೀಗೆ ಆರಿಸಿಬಂದ ಕಪ್ಪು ಜನಾಂಗದವರಲ್ಲಿ ಎರಡನೆಯವನು. 1960ರಲ್ಲಿ ಅದಕ್ಕೂ ಮೇಲಿನ ಸುಪೀರಿಯರ್ ನ್ಯಾಯಾಲಯದ ಪೀಠವೇರಿದ, ಅಲ್ಲಿ ಮೊದಲನೆಯವನು. ಕ್ಯಾನ್ಸಸ್ ಸಿಟಿಯಲ್ಲಿ ಅಂಗಳಕ್ಕಿಳಿಯಬಾರದೆನಿಸಿಕೊಂಡವನ ಮುಂದೆ ಈಗ ಬಿಳಿಯ ವಕೀಲರು ಎದ್ದು ನಿಂತು ವಾದಿಸಬೇಕಾಯಿತು. 1966ರ ಆಗಸ್ಟ್ 14ರಂದು ಅರ್ಬುದ ರೋಗದಿಂದ ತೀರಿಕೊಂಡಾಗ ಅವನಿನ್ನೂ ನ್ಯಾಯಾಧೀಶನೇ. ವಯಸ್ಸು 67.

ಕಾಲೇಜು ಆಟದ ಮಟ್ಟಿಗೆ ಅವನಿಗೆ ಬದುಕಿರುವಾಗಲೇ ಮನ್ನಣೆ ದೊರೆಯಿತು. ಕಾಲೇಜು ಫುಟ್‌ಬಾಲಿನ ಕೀರ್ತಿಭವನಕ್ಕೆ 1951ರಲ್ಲಿ ಮೊತ್ತಮೊದಲು ಆರಿಸಿದವರಲ್ಲಿ ಅವನಿದ್ದ. ಆ ಗುಂಪಿನಲ್ಲಿ ಅವನೊಬ್ಬನೇ ಕಪ್ಪು ಜನಾಂಗದವನು. ವೃತ್ತಿಪರರ ಕೀರ್ತಿಭವನ ಕ್ಯಾಂಟನ್ನಿನಲ್ಲಿ ತೆರೆದದ್ದು 1963ರಲ್ಲಿ. ಸ್ಲೇಟರನ ಹೆಸರು 1970ರಲ್ಲಿಯೂ 1971ರಲ್ಲಿಯೂ ಕೊನೆಯ ಸುತ್ತಿನವರೆಗೆ ಬಂದು ಬಿದ್ದುಹೋಯಿತು. ಮತ್ತೆ ಐವತ್ತು ವರ್ಷ ಅದನ್ನು ಎತ್ತಿದವರು ವಿರಳ. ಅವನ ಆಟವನ್ನು ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ತೀರಿಕೊಂಡರು; ತೋರಿಸಲು ಅಂಕಿಗಳಿರಲಿಲ್ಲ. ಲೀಗಿಗೆ ನೂರು ವರ್ಷ ತುಂಬಿದ ನೆಪದಲ್ಲಿ ಹಿಂದಿನವರನ್ನು ಮತ್ತೆ ಹುಡುಕಿದಾಗ, 2020ರಲ್ಲಿ, ಅವನನ್ನು ಆರಿಸಿದರು. ಸತ್ತು ಐವತ್ತನಾಲ್ಕು ವರ್ಷಗಳಾಗಿದ್ದುವು.

ಅಯೋವಾ ವಿಶ್ವವಿದ್ಯಾನಿಲಯ 1972ರಲ್ಲಿ ತನ್ನ ಕ್ರೀಡಾಂಗಣಕ್ಕೆ ಹೆಸರಿಡಲು ಹೊರಟಾಗ, ಯುದ್ಧಕಾಲದಲ್ಲಿ ವಿಮಾನ ಬಿದ್ದು ಮಡಿದ ಇನ್ನೊಬ್ಬ ಆಟಗಾರ ನೈಲ್ ಕಿನಿಕ್‌ನ ಹೆಸರಿನ ಜೊತೆಗೆ ಸ್ಲೇಟರನ ಹೆಸರನ್ನೂ ಸೇರಿಸಬೇಕೆಂದು ಕೆಲವರು ಕೇಳಿಕೊಂಡರು. ಅಂಗಣಕ್ಕೆ ಕಿನಿಕ್‌ನ ಹೆಸರೊಂದೇ ಆಯಿತು. ಸ್ಲೇಟರನ ಹೆಸರನ್ನು ಒಂದು ವಿದ್ಯಾರ್ಥಿನಿಲಯಕ್ಕೆ ಇಟ್ಟರು. ವಿದ್ಯಾರ್ಥಿಯಾಗಿದ್ದಾಗ ಅವನು ಯಾವ ವಿದ್ಯಾರ್ಥಿನಿಲಯದ ಹೊಸ್ತಿಲನ್ನೂ ನಿವಾಸಿಯಾಗಿ ದಾಟುವಂತಿರಲಿಲ್ಲವೆಂಬುದು ಹೆಸರಿಟ್ಟವರಿಗೆ ನೆನಪಿತ್ತೋ ಇಲ್ಲವೋ. 2019ರಲ್ಲಿ ಕ್ರೀಡಾಂಗಣದ ಹೊರಗೆ ಆ ಹಳೆಯ ಛಾಯಾಚಿತ್ರವನ್ನೇ ಉಬ್ಬುಶಿಲ್ಪವಾಗಿ ಮಾಡಿ ನಿಲ್ಲಿಸಿದರು. 2021ರಲ್ಲಿ, ನಾಟರ್ ಡೇಮ್ ಪಂದ್ಯ ನಡೆದು ಸರಿಯಾಗಿ ನೂರು ವರ್ಷವಾದಾಗ, ಅಂಗಣದೊಳಗಿನ ಹುಲ್ಲುನೆಲಕ್ಕೆ ಡ್ಯೂಕ್ ಸ್ಲೇಟರನ ಹೆಸರಿಟ್ಟರು. ಆ ಅಂಗಣವನ್ನು ಕಟ್ಟಿದ್ದು 1929ರಲ್ಲಿ. ಅಯೋವಾದ ವಿದ್ಯಾರ್ಥಿಯಾಗಿ ಅವನು ಆಡಿದ್ದು ಊರಿನ ಹಳೆಯ ಮೈದಾನದಲ್ಲಿ.